ಜಪಾನಿ ಅನಿಮೆ ಮತ್ತು ಕನ್ನಡ

ಅನಿಮೆ ಎಂಬುದು ಜಪಾನಿನಲ್ಲಿ ತಯಾರಾಗುವ ಅನಿಮೇಷನ್ ಧಾರಾವಾಹಿಗಳಿಗೂ ಚಲನಚಿತ್ರಗಳಿಗೂ ಹೊರದೇಶಗಳಲ್ಲಿ ರೂಢವಾಗಿರುವ ಹೆಸರು. ಜಪಾನೀಯರು ಮಾತ್ರ ಈ ಪದವನ್ನು ಯಾವುದೇ ದೇಶದ ಅನಿಮೇಷನ್‌ಗೂ ಬಳಸುತ್ತಾರೆ. ಕರ್ನಾಟಕದಲ್ಲಿ ಅನಿಮೆಗೆ ಸಾಕಷ್ಟು ಪ್ರೇಕ್ಷಕರಿದ್ದರೂ ಅದು ಇಲ್ಲಿಗೆ ಬಹುಪಾಲು ಹಿಂದಿ, ಇಂಗ್ಲಿಷ್, ತಮಿಳು ಮತ್ತು ತೆಲುಗು ಭಾಷೆಗಳ ಮೂಲಕ ಬಂದಿದೆ.

ಸ್ವೋರ್ಡ್ ಆರ್ಟ್ ಆನ್‌ಲೈನ್

ಅನಿಮೆಯ ಜನಪ್ರಿಯ ವಸ್ತುಗಳಲ್ಲಿ ಕಂಪ್ಯೂಟರ್ ಆಟದ ಮಿಥ್ಯಾಲೋಕವೂ ಒಂದು. ಇದಕ್ಕೆ ಪ್ರಸಿದ್ಧ ಉದಾಹರಣೆ ರೇಕಿ ಕವಾಹರಾ ಅವರ 'ಸ್ವೋರ್ಡ್ ಆರ್ಟ್ ಆನ್‌ಲೈನ್'. ಲೇಖಕರು ೨೦೦೨ರಲ್ಲಿ ಇದನ್ನು ಒಂದು ಸ್ಪರ್ಧೆಗೆಂದು ಬರೆದರು. ಪುಟಗಳ ಮಿತಿ ಮೀರಿದ್ದರಿಂದ ಕಳುಹಿಸಲಾಗದೆ ಅಂತರಜಾಲದಲ್ಲಿ ತಾವೇ ಪ್ರಕಟಿಸಿದರು. ೨೦೦೯ರಲ್ಲಿ ಅದು ಪುಸ್ತಕವಾಯಿತು, ೨೦೧೨ರ ಜುಲೈನಲ್ಲಿ ಧಾರಾವಾಹಿಯಾಗಿ ಪ್ರಸಾರವಾಯಿತು.

ಕಥೆಯಲ್ಲಿ ಹತ್ತು ಸಾವಿರ ಮಂದಿ ತಲೆಗೆ ಶಿರಸ್ತ್ರಾಣದಂತಹ ಸಾಧನವನ್ನು ಧರಿಸಿ ಆಟದೊಳಕ್ಕೆ ಹೋಗುತ್ತಾರೆ. ಹೊರಬರುವ ದಾರಿ ಮುಚ್ಚಿದೆಯೆಂಬುದು ಅವರಿಗೆ ಆಮೇಲೆ ತಿಳಿಯುತ್ತದೆ. ನೂರು ಅಂತಸ್ತುಗಳ ಕೋಟೆಯನ್ನು ಗೆದ್ದರೆ ಮಾತ್ರ ಬಿಡುಗಡೆ. ಆಟದಲ್ಲಿ ಸತ್ತವನು ನಿಜವಾಗಿಯೂ ಸಾಯುತ್ತಾನೆ. ಕತ್ತಿಕಾಳಗಕ್ಕಿಂತಲೂ, ಸೆರೆಯಲ್ಲಿರುವವರು ಅಲ್ಲಿಯೇ ಮನೆಮಾಡಿ ಅಡುಗೆ, ಸ್ನೇಹ, ಪ್ರೀತಿಗಳನ್ನು ಕಟ್ಟಿಕೊಳ್ಳುವ ಭಾಗಗಳೇ ಈ ಕೃತಿಯ ಸತ್ತ್ವವೆನ್ನಬಹುದು. ಇದರ ಮುಂದುವರಿಕೆಯಾದ 'ಆರ್ಡಿನಲ್ ಸ್ಕೇಲ್' ಚಿತ್ರವು ೨೦೧೭ರಲ್ಲಿ ಜಪಾನಿನಲ್ಲಿಯೂ ಅನೇಕ ಹೊರದೇಶಗಳಲ್ಲಿಯೂ ತೆರೆಕಂಡಿತು.

ಭಾಷೆಯ ಪ್ರಶ್ನೆ

ಭಾರತದಲ್ಲಿ 'ಡೋರೆಮಾನ್' ೨೦೦೫ರಲ್ಲಿ, 'ಶಿನ್‌ಚಾನ್' ೨೦೦೬ರಲ್ಲಿ ಹಿಂದಿಯಲ್ಲಿ ಪ್ರಸಾರವಾಗತೊಡಗಿದವು. ಶಾಲೆಯ ಹಿಂದಿ ಪಾಠಕ್ಕಿಂತ ಮೊದಲೇ ಕನ್ನಡದ ಅನೇಕ ಮಕ್ಕಳು ನೊಬಿತಾನ ಹಿಂದಿಯನ್ನು ಕಲಿತದ್ದನ್ನು ಶಿಕ್ಷಕರಾದವರು ಬಲ್ಲರು.

ಕನ್ನಡದಲ್ಲಿ ಬಹುಕಾಲ ಡಬ್ಬಿಂಗ್ ಇಲ್ಲದಿದ್ದುದಕ್ಕೆ ಚಾರಿತ್ರಿಕ ಕಾರಣವಿದೆ. ೧೯೬೦ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರ ಚಳವಳಿಯ ಕಾಲದಲ್ಲಿ ಕನ್ನಡ ಚಿತ್ರಗಳಿಗೆ ತಮ್ಮ ನಾಡಿನಲ್ಲಿಯೇ ಚಿತ್ರಮಂದಿರ ಸಿಗುವುದು ಕಷ್ಟವಾಗಿತ್ತು. ಡಬ್ಬಿಂಗ್ ವಿರೋಧವು ಅಂದು ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆಯೂ ಆಗಿತ್ತು. ಕಾನೂನಿನ ಬಲವಿಲ್ಲದಿದ್ದರೂ ಆ ನಿರ್ಬಂಧ ದಶಕಗಳ ಕಾಲ ಉಳಿಯಿತು. ೨೦೦೯ರಲ್ಲಿ ಆರಂಭವಾದ ಮಕ್ಕಳ ವಾಹಿನಿ ಚಿಂಟು ಟಿವಿ, ಹೊರಗಿನ ಕಾರ್ಟೂನುಗಳನ್ನು ಕನ್ನಡದಲ್ಲಿ ತೋರಿಸಿ ಇದಕ್ಕೆ ಅಪವಾದವಾಯಿತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು ೨೦೧೫ರ ಜುಲೈನಲ್ಲಿ ಈ ನಿರ್ಬಂಧವನ್ನು ಸ್ಪರ್ಧಾವಿರೋಧಿ ಎಂದು ತೀರ್ಮಾನಿಸಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮೊದಲಾದ ಸಂಸ್ಥೆಗಳಿಗೆ ದಂಡ ವಿಧಿಸಿತು.

ಬಾಗಿಲು ತೆರೆದರೂ ಅನಿಮೆ ಆ ದಾರಿಯಲ್ಲಿ ಹೆಚ್ಚಾಗಿ ಬರಲಿಲ್ಲ. ಜಪಾನಿನ ಯುಗೊ ಸಾಕೊ ಅವರ ಕನಸಾಗಿದ್ದ, ರಾಮ್ ಮೋಹನ್ ಅವರೂ ನಿರ್ದೇಶನದಲ್ಲಿ ಭಾಗಿಯಾಗಿದ್ದ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ೨೦೨೫ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಅವತರಣಿಕೆಗಳಿದ್ದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಬಂದಾಗಲೂ ಜಪಾನಿ ಮೂಲದೊಡನೆ ಇದ್ದವು ಇವೇ ನಾಲ್ಕು ಭಾಷೆಗಳು.

ಇದರ ಪರಿಣಾಮ ಒಂದೇ ಜಿಲ್ಲೆಯೊಳಗೂ ಒಂದೇ ತೆರನಾಗಿಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕನ್ನು ಆಂಧ್ರಪ್ರದೇಶವು ಬಹುತೇಕ ಸುತ್ತುವರಿದಿದ್ದು, ಅಲ್ಲಿ ತೆಲುಗು ಬಲ್ಲವರು ಹೇರಳ. ಆದ್ದರಿಂದ ಪಾವಗಡದ ಮಗುವಿಗೆ ತೆಲುಗು ಅವತರಣಿಕೆ ನಿಲುಕುತ್ತದೆ. ಮನೆಯಲ್ಲಿಯೂ ಶಾಲೆಯಲ್ಲಿಯೂ ಕನ್ನಡವನ್ನಷ್ಟೇ ಬಳಸುವ ಕೊರಟಗೆರೆ, ಮಧುಗಿರಿ ಅಥವಾ ಸಿರಾದ ಮಗುವಿಗೆ ಉಳಿಯುವುದು ಇಂಗ್ಲಿಷ್ ಉಪಶೀರ್ಷಿಕೆ. ನಾಲ್ಕನೆಯ ತರಗತಿಯ ಮಗು ಓಡುವ ಸಾಲನ್ನು ಓದಲು ಹೋದರೆ ಚಿತ್ರ ತಪ್ಪುತ್ತದೆ, ಚಿತ್ರ ನೋಡಿದರೆ ಸಾಲು ತಪ್ಪುತ್ತದೆ.

ಕರ್ನಾಟಕದಿಂದ ಹೊರಕ್ಕೆ

ಇಲ್ಲಿನ ಅನಿಮೇಷನ್ ಹೊರಜಗತ್ತಿಗೆ ಹೋದ ನಿದರ್ಶನಗಳೂ ಇವೆ. ಕನ್ನಡದ ಜನಪದ ಕಾವ್ಯ 'ಗೋವಿನ ಹಾಡು' ಆಧರಿಸಿ ವಿ. ರವಿಶಂಕರ್ ನಿರ್ದೇಶಿಸಿದ 'ಪುಣ್ಯಕೋಟಿ' ಸಾರ್ವಜನಿಕರ ಕಿರುದೇಣಿಗೆಯ ನೆರವಿನಿಂದ ಸಿದ್ಧವಾಗಿ ೨೦೨೦ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ಸಂಗೀತ ಇಳಯರಾಜ ಅವರದು. ಕನ್ನಡದ ಮಕ್ಕಳೆಲ್ಲ ಬಲ್ಲ ಈ ಹಸುವಿನ ಕಥೆ ಲೋಕಕ್ಕೆ ತೆರೆದುಕೊಂಡದ್ದು ಸಂಸ್ಕೃತ ಭಾಷೆಯಲ್ಲಿ.

ಅಶ್ವಿನ್ ಕುಮಾರ್ ನಿರ್ದೇಶನದ 'ಮಹಾವತಾರ ನರಸಿಂಹ'ವನ್ನು ಬೆಂಗಳೂರಿನ ಹೊಂಬಾಳೆ ಫಿಲಂಸ್ ೨೦೨೫ರ ಜುಲೈ ೨೫ರಂದು ಅರ್ಪಿಸಿತು. ಹಿಂದಿ, ತೆಲುಗು, ತಮಿಳು, ಮಲಯಾಳಂ ಭಾಷೆಗಳೊಡನೆ ಕನ್ನಡದಲ್ಲಿಯೂ ಈ ಚಿತ್ರ ಬಿಡುಗಡೆಯಾಯಿತು.