ಮೆತ್ತಗಾದ ಬ್ರೇಕಿನ ಹಿಡಿ

ಕಂಬಿಯ ಬ್ರೇಕಿನ ಬೈಸಿಕಲ್ಲನ್ನು ತುಳಿದು ಬೆಳೆದ ನಮ್ಮ ತಲೆಮಾರಿನವರಿಗೆ ಬ್ರೇಕು ಸಡಿಲವಾಗುವುದು ದೊಡ್ಡ ಸಂಗತಿಯಾಗಿರಲಿಲ್ಲ. ತಿರುಪನ್ನು ಬಿಗಿಮಾಡಿ, ಸವೆದ ರಬ್ಬರನ್ನು ಬದಲಾಯಿಸಿದರೆ ಕಾರ್ಯವು ಮುಗಿಯುತ್ತಿದ್ದಿತು. ಈಗಲಾದರೋ ಅನೇಕ ಗೃಹಸ್ಥರ ಮನೆಯಂಗಳದಲ್ಲಿ ದಪ್ಪ ಟೈರಿನ ಮೌಂಟನ್ ಬೈಕುಗಳು ನಿಂತಿರುವುದನ್ನು ಕಾಣುತ್ತೇವೆ. ಇವುಗಳಲ್ಲಿ ಬೆಲೆಯುಳ್ಳವಕ್ಕೆ ಕಂಬಿಯೂ ಇಲ್ಲ, ರಬ್ಬರೂ ಇಲ್ಲ. ಎಣ್ಣೆ ತುಂಬಿದ ಕೊಳವೆಯೊಂದು ಕೈಹಿಡಿಯಿಂದ ಚಕ್ರದವರೆಗೆ ಹೋಗುವುದು. ಚಕ್ರದ ನಡುವಿನ ಉಕ್ಕಿನ ಡಿಸ್ಕನ್ನು ಎರಡು ಪ್ಯಾಡುಗಳು ಇಕ್ಕೆಡೆಯಿಂದ ಅದುಮಿ ನಿಲ್ಲಿಸುವುವು. ಇದಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕೆಂದು ಹೆಸರು. ಬೆಂಗಳೂರಿನ ಮಕ್ಕಳು ನಂದಿಬೆಟ್ಟದಿಂದಲೂ, ಮೈಸೂರಿನವರು ಚಾಮುಂಡಿಬೆಟ್ಟದಿಂದಲೂ ಇಳಿದು ಬರುವಾಗ ಅವರ ಪ್ರಾಣವು ಈ ಕೊಳವೆಯೊಳಗಣ ಕೆಲವೇ ಹನಿ ಎಣ್ಣೆಯನ್ನು ಅವಲಂಬಿಸಿರುವುದೆಂದರೆ ಅತಿಶಯೋಕ್ತಿಯಾಗಲಾರದು.

ಈ ಬ್ರೇಕಿನ ಹಿಡಿ, ಅಂದರೆ ಅಂಗಡಿಯವರು ಲಿವರ್ ಎನ್ನುವ ಭಾಗವು, ಒಂದು ದಿನ ಗಟ್ಟಿತನವನ್ನು ಬಿಟ್ಟು ಮೆತ್ತಗಾಗಿ ಹ್ಯಾಂಡಲ್ಲಿನವರೆಗೂ ಬಂದುಬಿಡುವುದುಂಟು. ಆಗ ಹುಡುಗರು ಸಾಮಾನ್ಯವಾಗಿ ಮಾಡುವುದೇನು? ನಾಲ್ಕಾರು ಬಾರಿ ಬೇಗಬೇಗನೆ ಒತ್ತುತ್ತಾರೆ, ಹಿಡಿಯು ಗಟ್ಟಿಯಾಗುತ್ತದೆ, “ಸರಿಹೋಯಿತು” ಎಂದು ಹೊರಟುಬಿಡುತ್ತಾರೆ. ಒತ್ತಿ ಒತ್ತಿ ಗಟ್ಟಿಯಾದ ಹಿಡಿಯು ಗುಣವಾದ ಹಿಡಿಯಲ್ಲ. ಅದು ರೋಗದ ಲಕ್ಷಣವೇ ಹೊರತು ಚಿಕಿತ್ಸೆಯಲ್ಲ. ಇದನ್ನು ಪ್ರತಿಯೊಬ್ಬ ತಂದೆತಾಯಿಗಳೂ ತಿಳಿದಿರಬೇಕೆಂಬುದೇ ಈ ಬರಹದ ಉದ್ದೇಶ.

ಬೆಟ್ಟದ ಬೈಸಿಕಲ್ಲಿಗೆ ಬ್ರೇಕಿನ ಚಿಂತೆಯು ಹುಟ್ಟಿನಿಂದಲೇ ಅಂಟಿಬಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ೧೯೭೬ರಲ್ಲಿ ಕೆಲವು ತರುಣರು ಹಳೆಯ ಭಾರಿ ಬೈಸಿಕಲ್ಲುಗಳನ್ನೇರಿ, ಸುಮಾರು ಎರಡು ಮೈಲಿಯೊಳಗೆ ಸುಮಾರು ೧೩೦೦ ಅಡಿ ಇಳಿಯುವ ಮಣ್ಣುದಾರಿಯಲ್ಲಿ ಪಂದ್ಯ ಹೂಡಿದರು. ಅವರ ಬ್ರೇಕು ಹಿಂದಿನ ಚಕ್ರದ ಗುಂಬದೊಳಗೆ ಇದ್ದು, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂತಹುದು. ಬೆಟ್ಟದ ಬುಡವನ್ನು ಮುಟ್ಟುವಷ್ಟರಲ್ಲಿ ಗುಂಬವು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿದ್ದಿತು. ಮತ್ತೆ ಗ್ರೀಸು ತುಂಬದೆ ಬೈಸಿಕಲ್ಲು ಉಪಯೋಗಕ್ಕೆ ಬರುತ್ತಿರಲಿಲ್ಲ. ಹೀಗೆ ಮರಳಿ ತುಂಬುವುದೆಂಬ ಅರ್ಥದಲ್ಲಿಯೇ ಆ ದಾರಿಗೆ ‘ರೀಪ್ಯಾಕ್’ ಎಂದು ಹೆಸರಾಯಿತು. ಎಣ್ಣೆಯ ಬ್ರೇಕು ಈ ಕಷ್ಟವನ್ನು ಬಹುಮಟ್ಟಿಗೆ ಕಳೆದಿದೆ. ಆದರೆ ತನ್ನದೇ ಆದ ಒಂದು ಕಷ್ಟವನ್ನು ತಂದಿದೆ.

ಆ ಕಷ್ಟವನ್ನು ತಿಳಿಯಲು ಯಂತ್ರದ ತತ್ತ್ವವನ್ನು ಸ್ವಲ್ಪ ಅರಿಯಬೇಕು. ಮುಚ್ಚಿದ ಪಾತ್ರೆಯೊಳಗಿನ ದ್ರವದ ಒಂದೆಡೆಯಲ್ಲಿ ಕೊಟ್ಟ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂದು ಫ್ರಾನ್ಸಿನ ಪಂಡಿತ ಪಾಸ್ಕಲನು ವಿವರಿಸಿದನು. ಅವನ ಗ್ರಂಥವು ಅವನ ಮರಣಾನಂತರ ೧೬೬೩ರಲ್ಲಿ ಅಚ್ಚಾಯಿತು. ಹಿಡಿಯ ಬಳಿ ಸಣ್ಣ ಪಿಸ್ಟನ್ನು, ಚಕ್ರದ ಬಳಿಯ ಕ್ಯಾಲಿಪರಿನಲ್ಲಿ ದೊಡ್ಡ ಪಿಸ್ಟನ್ನುಗಳು. ದೊಡ್ಡದರ ವಿಸ್ತಾರವು ಸಣ್ಣದರ ನಾಲ್ಕರಷ್ಟಿದ್ದರೆ ಬಲವೂ ನಾಲ್ಕರಷ್ಟಾಗುವುದು. ಚಲನೆ ಮಾತ್ರ ಕಾಲುಭಾಗಕ್ಕೆ ಇಳಿಯುವುದು. ಆದಕಾರಣ ಪ್ಯಾಡುಗಳು ಕೂದಲೆಳೆಯಷ್ಟೇ ಸರಿಯುವುವು, ಆದರೆ ಮಹಾಬಲದಿಂದ ಅದುಮುವುವು.

ಇಷ್ಟೂ ನಡೆಯುವುದು ದ್ರವವು ಕುಗ್ಗದಿರುವುದರಿಂದ. ವಾಯುವಾದರೋ ಕುಗ್ಗತಕ್ಕದ್ದು. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ತುಂಬಿ, ಬಾಯನ್ನು ಬೆರಳಿನಿಂದ ಮುಚ್ಚಿ ದಬ್ಬಿದರೆ ಕದಲದು. ಗಾಳಿ ತುಂಬಿ ದಬ್ಬಿದರೆ ಒಳಕ್ಕೆ ಹೋಗಿ, ಬಿಟ್ಟೊಡನೆ ಹಿಂದಕ್ಕೆ ಪುಟಿಯುವುದು. ಬ್ರೇಕಿನ ಕೊಳವೆಯಲ್ಲಿ ಸ್ವಲ್ಪವೇ ಗಾಳಿ ಸೇರಿದರೂ ನಮ್ಮ ಬೆರಳಿನ ಶ್ರಮವು ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ, ಪ್ಯಾಡಿಗೆ ತಲಪುವುದಿಲ್ಲ. ಬೇಗಬೇಗನೆ ಒತ್ತಿದಾಗ ಕೋಶದಿಂದ ಒಂದಿಷ್ಟು ಎಣ್ಣೆಯು ಹೆಚ್ಚಾಗಿ ಇಳಿದು ಆ ಕೊರತೆಯನ್ನು ಕ್ಷಣಕಾಲ ತುಂಬುವುದು. ಸ್ವಲ್ಪ ಹೊತ್ತು ಬಿಟ್ಟರೆ ಹಿಡಿಯು ಮೊದಲಿನಂತೆಯೇ ಆಗುವುದು. ಇಳುಕಲಿನ ತಿರುವಿನಲ್ಲಿ ನಾಲ್ಕು ಬಾರಿ ಒತ್ತಲು ಅವಕಾಶವೆಲ್ಲಿ?

ವೈದ್ಯನು ನಿದಾನವನ್ನು ಮಾಡದೆ ಔಷಧವನ್ನು ಕೊಡಬಾರದಷ್ಟೆ. ಹಾಗೆಯೇ ಇಲ್ಲಿಯೂ ಲಕ್ಷಣಗಳನ್ನು ಬೇರ್ಪಡಿಸಿಕೊಳ್ಳಬೇಕು. ಹಿಡಿಯು ಬಹುದೂರ ಬಂದರೂ ಕೊನೆಯಲ್ಲಿ ಕಲ್ಲಿನಂತೆ ನಿಂತರೆ, ಮೊದಲು ಪ್ಯಾಡು ಸವೆದಿರುವುದೇ ಎಂದು ನೋಡಬೇಕು. ಶಿಮಾನೋ ತಯಾರಿಕೆಯಲ್ಲಿ ಪ್ಯಾಡಿನ ಉಜ್ಜುವ ಪದರವು ೦.೫ ಮಿ. ಮೀಟರಿಗೆ ಇಳಿದರೆ ಬದಲಾಯಿಸತಕ್ಕದ್ದು, ೧.೮ ಮಿ. ಮೀಟರಿನ ಹೊಸ ಡಿಸ್ಕು ೧.೫ಕ್ಕೆ ಇಳಿದರೆ ಅದನ್ನೂ ತೆಗೆಯತಕ್ಕದ್ದು. ಕ್ಯಾಲಿಪರು ಓರೆಯಾಗಿ ಕುಳಿತು ಡಿಸ್ಕನ್ನು ಬಾಗಿಸುತ್ತಿದ್ದರೂ ಹಿಡಿಯು ಮೆತ್ತಗೆ ತೋರುವುದು. ಅದರ ಎರಡು ಬೋಲ್ಟುಗಳನ್ನು ಸಡಿಲಿಸಿ, ಹಿಡಿಯನ್ನು ಒತ್ತಿಹಿಡಿದು ಮತ್ತೆ ಬಿಗಿದರೆ ಸರಿಹೋಗುವುದು. ಹಿಡಿಯು ಸ್ಪ್ರಿಂಗಿನಂತಿದ್ದು ಒತ್ತುತ್ತ ಹೋದಂತೆ ಗಟ್ಟಿಯಾದರೆ ಗಾಳಿಯೇ ಕಾರಣ. ಬಲವಾಗಿ ಒಂದು ನಿಮಿಷ ಒತ್ತಿಹಿಡಿದಾಗ ಮೆಲ್ಲಗೆ ಕುಸಿಯುತ್ತ ಹೋದರೆ ಎಣ್ಣೆಯು ಎಲ್ಲಿಯೋ ಸೋರುತ್ತಿದೆ. ಅಂತಹ ಬೈಸಿಕಲ್ಲನ್ನು ಏರಲೇಬಾರದು, ನುರಿತ ಮೆಕ್ಯಾನಿಕ್ಕನಿಗೆ ಒಪ್ಪಿಸಬೇಕು. ತಣ್ಣಗಿರುವಾಗ ಗಟ್ಟಿಯಾಗಿದ್ದು ದೀರ್ಘ ಇಳುಕಲಿನಲ್ಲಿ ಮೆತ್ತಗಾದರೆ ದ್ರವವು ಒಳಗೆ ಕುದಿಯುತ್ತಿರಬಹುದು.

ಈ ಕಡೆಯ ಲಕ್ಷಣವು ದ್ರವದ ಜಾತಿಯನ್ನು ನೆನಪಿಗೆ ತರುವುದು. ಶಿಮಾನೋ, ಮಗುರಾ, ಟೆಕ್ಟ್ರೋ ಬ್ರೇಕುಗಳಿಗೆ ಮಿನರಲ್ ಆಯಿಲ್ ಹಾಕುವರು. ಹೋಪ್ ಬ್ರೇಕುಗಳಿಗೂ ಸ್ರಾಮ್ ಬ್ರೇಕುಗಳಲ್ಲಿ ಹಲವಕ್ಕೂ ಮೋಟಾರಿಗೆ ಹಾಕುವ ಡಾಟ್ ಎಂಬ ದ್ರವವನ್ನು ಹಾಕುವರು. ಡಾಟ್ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳತಕ್ಕದ್ದು. ಡಾಟ್ ೪ ಎಂಬುದು ಹೊಸದಾಗಿರುವಾಗ ೨೩೦ ಡಿಗ್ರಿ ಸೆಂಟಿಗ್ರೇಡಿಗಿಂತ ಮೊದಲು ಕುದಿಯಬಾರದೆಂದು ನಿಯಮ; ನೂರಕ್ಕೆ ಸುಮಾರು ೩.೭ ಭಾಗ ನೀರನ್ನು ಹೀರಿದ ಮೇಲೆ ಆ ಮಿತಿಯು ೧೫೫ಕ್ಕೆ ಇಳಿಯುವುದು. ಆದಕಾರಣ ಹಳೆಯದನ್ನು ಕಾಲಕಾಲಕ್ಕೆ ಚೆಲ್ಲಿ ಹೊಸದನ್ನು ತುಂಬಬೇಕು. ಒಂದು ಜಾತಿಯ ಬ್ರೇಕಿಗೆ ಇನ್ನೊಂದು ಜಾತಿಯ ದ್ರವವನ್ನು ಹಾಕಿದರೆ ಒಳಗಿನ ರಬ್ಬರು ಸೀಲುಗಳು ಕೆಟ್ಟು ಬ್ರೇಕೇ ಹಾಳಾಗುವುದು. ಕೋಶದ ಮುಚ್ಚಳದ ಮೇಲೆ ಬರೆದಿರುವುದನ್ನು ಓದದೆ ಒಂದು ಹನಿಯನ್ನೂ ಹಾಕಬಾರದು.

ಗಾಳಿಯೇ ಕಾರಣವೆಂದು ನಿಶ್ಚಯವಾದ ಮೇಲೆ ಸೂಚೀಕಟಾಹ ನ್ಯಾಯವನ್ನು ಅನುಸರಿಸುವುದು ಲೇಸು. ಕಮ್ಮಾರನು ದೊಡ್ಡ ಕಡಾಯಿಗೆ ಕೈಹಾಕುವ ಮೊದಲು ಸಣ್ಣ ಸೂಜಿಯನ್ನು ಮಾಡಿ ಮುಗಿಸುವಂತೆ ಸುಲಭವಾದುದನ್ನು ಮೊದಲು ಮಾಡಬೇಕೆಂದು ಅದರ ಭಾವ. ಬೈಸಿಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಹಿಡಿಯ ಭಾಗವೇ ಎಲ್ಲಕ್ಕಿಂತ ಮೇಲಿರುವಂತೆ ನೋಡಿಕೊಂಡು, ಹಲವು ಬಾರಿ ಒತ್ತಿ, ಒತ್ತಿದ ಹಿಡಿಯನ್ನು ಹ್ಯಾಂಡಲ್ಲಿಗೆ ಬಟ್ಟೆಯ ಪಟ್ಟಿಯಿಂದಲೋ ದಪ್ಪ ರಬ್ಬರ್ ಬ್ಯಾಂಡಿನಿಂದಲೋ ಕಟ್ಟಿ ರಾತ್ರಿಯೆಲ್ಲ ಬಿಡಬೇಕು. ಗುಳ್ಳೆಗಳು ಮೇಲಕ್ಕೇರುವ ಸ್ವಭಾವದವು. ಬೆಳಗ್ಗೆ ಕಟ್ಟನ್ನು ಬಿಚ್ಚಿದಾಗ ಅವು ಕೋಶಕ್ಕೆ ಸೇರಿ ಹಿಡಿಯು ಗಟ್ಟಿಯಾಗಿರುವುದುಂಟು. ಆದರೆ ಗಾಳಿಯು ಸ್ಥಳವನ್ನು ಬದಲಾಯಿಸಿತೇ ಹೊರತು ಬ್ರೇಕಿನಿಂದ ಹೊರಗೆ ಹೋಗಿಲ್ಲವೆಂಬುದನ್ನು ಮರೆಯಬಾರದು. ಬೈಸಿಕಲ್ಲನ್ನು ತಲೆಕೆಳಗು ಮಾಡಿದರೆ ಅದು ಮತ್ತೆ ಕೊಳವೆಗೆ ಇಳಿಯುವುದು. ಪಂಕ್ಚರು ಹಾಕಲು ಬೈಸಿಕಲ್ಲನ್ನು ಬುಡಮೇಲು ನಿಲ್ಲಿಸುವ ನಮ್ಮ ಹಳೆಯ ಅಭ್ಯಾಸವು ಈ ಬ್ರೇಕುಗಳಿಗೆ ಹಿತವಲ್ಲ.

ಇದರಿಂದ ಗುಣವಾಗದಿದ್ದರೆ ಗಾಳಿಯನ್ನು ಹೊರಕ್ಕೆ ತೆಗೆಯಬೇಕು. ಮೆಕ್ಯಾನಿಕ್ಕರು ಇದನ್ನು ಬ್ಲೀಡಿಂಗ್ ಎನ್ನುವರು. ಶಿಮಾನೋ ಬ್ರೇಕಿನ ಕ್ರಮವನ್ನು ಹೇಳುತ್ತೇನೆ. ಚಕ್ರವನ್ನೂ ಪ್ಯಾಡುಗಳನ್ನೂ ತೆಗೆದು ದೂರವಿಟ್ಟು, ಪ್ಯಾಡಿನ ಸ್ಥಳದಲ್ಲಿ ಬ್ರೇಕಿನೊಡನೆ ಬರುವ ಪ್ಲಾಸ್ಟಿಕ್ ತುಂಡನ್ನು ಸಿಕ್ಕಿಸಬೇಕು. ಅದಿಲ್ಲದೆ ಹಿಡಿಯನ್ನು ಒತ್ತಿದರೆ ಪಿಸ್ಟನ್ನುಗಳು ಹೊರಬಿದ್ದಾವು. ಹಿಡಿಯನ್ನು ನೆಲಕ್ಕೆ ಸಮಾನಾಂತರವಾಗಿ ತಿರುಗಿಸಿ, ಕೋಶದ ಮೇಲಿನ ಸಣ್ಣ ತಿರುಪನ್ನು ಅದರ ರಬ್ಬರು ಬಳೆ ಕಳೆಯದಂತೆ ಬಿಚ್ಚಿ, ಅಲ್ಲಿ ಇದಕ್ಕೆಂದೇ ದೊರೆಯುವ ಆಲಿಕೆಯನ್ನು ಕೂರಿಸಿ ಸ್ವಲ್ಪ ಎಣ್ಣೆ ಹಾಕಬೇಕು. ಕೆಳಗೆ ಕ್ಯಾಲಿಪರಿನ ಮೊಲೆತಿರುಪಿಗೆ, ಗುಳ್ಳೆಯಿಲ್ಲದಂತೆ ಎಣ್ಣೆ ತುಂಬಿದ ಸಿರಿಂಜನ್ನು ಕೊಳವೆಯ ಮೂಲಕ ಜೋಡಿಸಿ, ತಿರುಪನ್ನು ಸುತ್ತಿನ ಎಂಟನೆಯ ಒಂದು ಭಾಗದಷ್ಟು ಸಡಿಲಿಸಿ, ಮೆಲ್ಲಗೆ ದಬ್ಬಬೇಕು. ಎಣ್ಣೆಯು ಕೆಳಗಿನಿಂದ ಮೇಲೇರುತ್ತ ಗಾಳಿಯನ್ನು ಮುಂದಿಟ್ಟುಕೊಂಡು ಆಲಿಕೆಯಲ್ಲಿ ಗುಳುಗುಳು ಎಂದು ಬಿಡುವುದು. ಗುಳ್ಳೆಗಳು ನಿಂತ ಮೇಲೆ ಕೆಳಗಿನ ತಿರುಪನ್ನು ಮುಚ್ಚಿ, ಕೊಳವೆಯನ್ನು ಬೆರಳಿನಿಂದ ತಟ್ಟುತ್ತ ಹಿಡಿಯನ್ನು ಮೆಲ್ಲಗೆ ಒತ್ತಿ ಬಿಡುತ್ತಿದ್ದರೆ ಅಡಗಿದ್ದ ಗುಳ್ಳೆಗಳೂ ಹೊರಬರುವುವು. ಕಡೆಗೆ ಆಲಿಕೆಯನ್ನು ಅದರ ಬಿರಡೆಯಿಂದ ಮುಚ್ಚಿ ತೆಗೆದು, ಎಣ್ಣೆಯು ತುಸು ತುಳುಕುವಂತೆ ಮೇಲಿನ ತಿರುಪನ್ನು ಹಾಕಬೇಕು.

ಚೆಲ್ಲಿದ ಎಣ್ಣೆಯನ್ನು ಚೆನ್ನಾಗಿ ಒರೆಸಿದ ಮೇಲೆಯೇ ಪ್ಯಾಡನ್ನೂ ಚಕ್ರವನ್ನೂ ಸೇರಿಸಬೇಕು. ಡಿಸ್ಕಿಗೆ ತಗುಲಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಡೆಯಬಹುದು. ಪ್ಯಾಡಿಗೆ ತಗುಲಿದರೆ ಅದನ್ನು ಬಿಸುಡುವುದೇ ಕ್ಷೇಮ. ಎಣ್ಣೆ ಕುಡಿದ ಪ್ಯಾಡಿನೊಡನೆ ಹಿಡಿಯು ಎಷ್ಟು ಗಟ್ಟಿಯಾಗಿದ್ದರೂ ಬೈಸಿಕಲ್ಲು ನಿಲ್ಲದು. ಡಾಟ್ ದ್ರವವಾದರೆ ಬಣ್ಣವನ್ನೂ ಚರ್ಮವನ್ನೂ ಕೆಡಿಸುವುದರಿಂದ ಕೈಗವಸು ಹಾಕಿಕೊಂಡು, ಮಕ್ಕಳಿಗೆ ಎಟುಕದೆಡೆ ಡಬ್ಬಿಯನ್ನು ಮುಚ್ಚಿಡಬೇಕು.

ಇಷ್ಟನ್ನೂ ಮನೆಯ ಹಿರಿಯರು ತಮ್ಮ ಕೈಯಿಂದಲೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಸಾಮಗ್ರಿಯಿಲ್ಲದವರು ಬಲ್ಲ ಮೆಕ್ಯಾನಿಕ್ಕನ ಬಳಿಗೆ ಹೋಗುವುದು ಉಚಿತ. ಆದರೆ ಪರೀಕ್ಷೆಯು ಮಾತ್ರ ಎಲ್ಲರ ಕೈಯಲ್ಲಿಯೂ ಇರುವುದು. ಮಗನೋ ಮಗಳೋ ಬೆಟ್ಟಕ್ಕೆ ಹೊರಡುವ ಬೆಳಗ್ಗೆ, ರಾತ್ರಿಯೆಲ್ಲ ನಿಂತಿದ್ದ ಬೈಸಿಕಲ್ಲಿನ ಎರಡು ಹಿಡಿಗಳನ್ನೂ ಒಂದೊಂದೇ ಬಾರಿ ಒತ್ತಿ ನೋಡಿರಿ. ಮೊದಲನೆಯ ಒತ್ತಿಗೇ ಗಟ್ಟಿಯಾಗಿ ನಿಂತರೆ ಕಳುಹಿಸಿರಿ. ಎರಡನೆಯ ಒತ್ತಿಗೆ ಗಟ್ಟಿಯಾಯಿತೆಂದು ಅವರು ವಾದಿಸಿದರೆ, ಆ ದಿನದ ಬೆಟ್ಟವನ್ನು ಮುಂದಿನ ಭಾನುವಾರಕ್ಕೆ ಹಾಕಿ, ಮೊದಲು ಗಾಳಿಯನ್ನು ತೆಗೆಯಿಸಿರಿ.