ಹಳೆ ಬೆಕ್ಕಿನ ಮನೆಗೆ ಹೊಸ ಮರಿ

ಅಡಿಕೆ, ಕೊಬ್ಬರಿ, ಭತ್ತ ಇಟ್ಟ ಮನೆಗೆ ಬೆಕ್ಕು ಬೇಕೇ ಬೇಕು. ಗೋಣಿ ಕಡಿದು ಇಲಿ ಮಾಡುವ ಲುಕ್ಸಾನನ್ನು ಕೃಷಿಕರಿಗೆ ವಿವರಿಸಬೇಕಾಗಿಲ್ಲ. ಇದ್ದ ಬೆಕ್ಕಿಗೆ ಪ್ರಾಯವಾಯಿತೆಂದು ಕಂಡರೆ ಎಲ್ಲಿಂದಲೋ ಒಂದು ಮರಿ ತಂದು ಜಗಲಿಯಲ್ಲಿ ಬಿಡುತ್ತೇವೆ. 'ಎರಡು ದಿನ ಗುರ್ ಅಂತದೆ, ಮತ್ತೆ ಸರಿಯಾಗ್ತದೆ' ಅಂತ ಸಮಾಧಾನ. ಸರಿಯಾಗುವುದೂ ಉಂಟು. ಆಗದಿದ್ದರೆ ಮರಿ ಕಚ್ಚಿಸಿಕೊಂಡು ಸಾಯುತ್ತದೆ, ಇಲ್ಲವೇ ಹಳೆ ಬೆಕ್ಕೇ ಮನೆ ಬಿಡುತ್ತದೆ. ಎರಡನೆಯದು ದೊಡ್ಡ ನಷ್ಟ. ಇಲಿ ಹಿಡಿಯುವುದು ಹೋಯಿತು, ಹಾಲಿಗೆ ಕಾಯುವುದು ಉಳಿಯಿತು!

ಮೊದಲು ವಾಸನೆ, ಆಮೇಲೆ ಮುಖ

ಬೆಕ್ಕಿಗೆ ಮನೆಯೆಂದರೆ ಅದರದ್ದೇ ವಾಸನೆ. ಕಂಬಕ್ಕೆ, ಬಾಗಿಲಿಗೆ ಕೆನ್ನೆ ಉಜ್ಜುವುದು ತನ್ನ ಗುರುತು ಹಾಕಲಿಕ್ಕೆ. ಗುರುತಿಲ್ಲದ ವಾಸನೆ ದಿಢೀರನೆ ಒಳಗೆ ಬಂದರೆ ಅದಕ್ಕೆ ಅದು ಶತ್ರುವೇ. ಹಾಗಾಗಿ ಮರಿಯನ್ನು ಒಂದು ವಾರವಾದರೂ ಬೇರೆ ಕೋಣೆಯಲ್ಲಿಡಿ. ಊಟ, ನೀರು, ಒಂದು ಬುಟ್ಟಿ ಮಣ್ಣೋ ಬೂದಿಯೋ ಅಲ್ಲೇ ಇರಲಿ. ಮರಿ ಮಲಗಿದ ಬಟ್ಟೆಯನ್ನು ಹಳೆ ಬೆಕ್ಕಿನ ಜಾಗಕ್ಕೂ, ಅದರದ್ದನ್ನು ಮರಿಯ ಬಳಿಗೂ ಹಾಕಿ. ಮುಚ್ಚಿದ ಬಾಗಿಲಿನ ಆಚೆ ಈಚೆ ಎರಡಕ್ಕೂ ಒಟ್ಟಿಗೇ ಊಟ ಕೊಡಿ. ಆ ವಾಸನೆ ಬಂದಾಗ ಮೀನೂ ಬರುತ್ತದೆ ಎಂದು ಹಳೆಯದಕ್ಕೆ ಗೊತ್ತಾಗಲಿ.

ಬಾಗಿಲ ಹತ್ತಿರ ಗುರುಗುಟ್ಟುವುದು ಕಡಿಮೆಯಾದ ಮೇಲೆ ಮರಿಯನ್ನು ಕುಕ್ಕೆಯಡಿ ಕವುಚಿ ತೋರಿಸಿ. ಅದಾದ ಮೇಲೆ ನೀವು ಎದುರಿಗಿದ್ದು ಹತ್ತು ನಿಮಿಷ ಬಿಡಿ, ದಿನಾ ಹೆಚ್ಚಿಸಿ. ಹಳೆಯದು ಬುಸುಗುಟ್ಟಿ ಒಂದು ಪೆಟ್ಟು ಕೊಟ್ಟರೆ ಗದರಬೇಡಿ, ಅದು ಪಾಠ. ಕಿವಿ ಹಿಂದಕ್ಕೆ ಒತ್ತಿ ಅಟ್ಟಿಸಿಕೊಂಡು ಹೋದರೆ ಮಾತ್ರ ಬೇರೆ ಮಾಡಿ, ಎರಡು ದಿನ ಬಿಟ್ಟು ಮತ್ತೆ ನೋಡಿ. ಊಟ ಯಾವಾಗಲೂ ಮೊದಲು ಹಳೆಯದಕ್ಕೇ. ಅದು ಹತ್ತಿ ಕೂರುವ ಅಟ್ಟ, ಕಪಾಟು ಅದಕ್ಕೇ ಇರಲಿ. ಇದಕ್ಕೆಲ್ಲ ಎರಡು ವಾರ ಸಾಕಾಗಬಹುದು, ಎರಡು ತಿಂಗಳೂ ಬೇಕಾಗಬಹುದು. ಬೀಜ ಕಡಿಯದ ಗಂಡು ಬೆಕ್ಕಿದ್ದರೆ ಹೆಚ್ಚು ಜಾಗ್ರತೆ. ಅದು ಮರಿಯನ್ನು ಕೊಲ್ಲುವುದುಂಟು.

ತರುವ ಮುಂಚೆ

ಎಂಟು ವಾರ ತುಂಬದ ಮರಿ ತರಬೇಡಿ. ಬೇಟೆಯ ಪಾಠ ಹೆಚ್ಚಾಗಿ ಆಗುವುದು ತಾಯಿಯ ಹತ್ತಿರ. ಹಾಗಾಗಿ ತಾಯಿ ಇಲಿ ಹಿಡಿಯುವ ಮನೆಯಿಂದಲೇ ಮರಿ ತಂದರೆ ಒಳ್ಳೆಯದು. ಬೇರೆ ಇಡುವುದರಿಂದ ಇನ್ನೊಂದು ಲಾಭವಿದೆ. ವಾಂತಿ, ಭೇದಿಯ ಅಂಟುರೋಗ ಮರಿಯಲ್ಲಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಮೂರು ತಿಂಗಳಾದಾಗ ಹುಚ್ಚುರೋಗದ ಲಸಿಕೆ ಹಾಕಿಸಿ.

ಕೊನೆಗೊಂದು ಮಾತು. ಬೆಕ್ಕು ಸಾಕಿದ ಮನೆಯಲ್ಲಿ ಇಲಿಪಾಷಾಣ ಇಡಲೇಬೇಡಿ. ವಿಷ ತಿಂದು ತೂರಾಡುವ ಇಲಿ ಬೆಕ್ಕಿಗೆ ಸುಲಭದ ತುತ್ತು. ಅದನ್ನು ತಿಂದರೆ ಹಳೆಯದೂ ಹೊಸದೂ ಎರಡೂ ಹೋದಾವು.