ಹವ್ಯಾಸಿಗಳ ಕೈಸೇರಿದ ಮರದ ರೇಡಿಯೋ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ನಿವಾಸವಾದ ‘ವಿಠಲ ವಿಹಾರ’ದಿಂದ 30 ವಾಟ್ ಶಕ್ತಿಯ ಪುಟ್ಟ ಪ್ರೇಷಕವೊಂದರ ಮೂಲಕ ಪ್ರಸಾರವನ್ನಾರಂಭಿಸಿದಾಗ, ಮೈಸೂರು ಸೀಮೆಯ ಬಾನುಲಿಯು ಒಬ್ಬ ವಿದ್ವಾಂಸರ ಸ್ವಂತ ಖರ್ಚಿನ ಹವ್ಯಾಸವಾಗಿಯೇ ಜನ್ಮ ತಾಳಿತು. ನಾ. ಕಸ್ತೂರಿಯವರು ಸೂಚಿಸಿದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಅಖಿಲ ಭಾರತಕ್ಕೂ ಸಂದಿತು. 1942ರಲ್ಲಿ ಸಂಸ್ಥಾನದ ಸರಕಾರವು ವಹಿಸಿಕೊಂಡ ಆ ಕೇಂದ್ರವು 1955ರ ನವೆಂಬರ್ 2ರಂದು ಬೆಂಗಳೂರಿಗೆ ಸ್ಥಳಾಂತರಗೊಂಡಿತು.

ಅದರ ಧ್ವನಿಯನ್ನು ಮನೆಮನೆಗೆ ಮುಟ್ಟಿಸಿದುದು, ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸು ನವೀಕರಿಸಿಕೊಳ್ಳಬೇಕಾಗಿದ್ದ, ನಡುಮನೆಯ ಮೇಜಿನ ಮೇಲೆ ಕಸೂತಿಯ ಹೊದಿಕೆ ಹೊದ್ದು ಕುಳಿತಿರುತ್ತಿದ್ದ ಮರದ ರೇಡಿಯೋ. ಫಿಲಿಪ್ಸ್, ಮರ್ಫಿಗಳ ಸರಿಸಮಕ್ಕೆ ನಮ್ಮ ಬೆಂಗಳೂರಿನ ಮೈಸೂರು ರಸ್ತೆಯ ರೆಮ್ಕೋ ಕಾರ್ಖಾನೆಯ ಸೆಟ್ಟುಗಳೂ ಇದ್ದುವು. ಜಾಲಹಳ್ಳಿಯ ಬಿಇಎಲ್ 1960ರ ದಶಕದಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ಅದೇ ದಶಕದಲ್ಲಿ, ಅದೇ ಕಾರ್ಖಾನೆಯಿಂದ ಹೊರಬರತೊಡಗಿದ ಟ್ರಾನ್ಸಿಸ್ಟರುಗಳಂಥವೇ ವಾಲ್ವಿನ ಪೆಟ್ಟಿಗೆಗಳನ್ನು ಅಟ್ಟಕ್ಕೇರಿಸಿದುವು. ಅಟ್ಟದಿಂದ ಗುಜರಿಗೆ, ಗುಜರಿಯಿಂದ ಅವೆನ್ಯೂ ರಸ್ತೆಯ ಆಸುಪಾಸಿನ ಭಾನುವಾರದ ಬಜಾರಿಗೆ ಇಳಿದು ಬಂದ ಈ ಪೆಟ್ಟಿಗೆಗಳು ಈಗ ಮರಳಿ ಹವ್ಯಾಸಿಗಳ ಪಾಲಾಗಿವೆ.

ಇಂಥ ಐದು ವಾಲ್ವಿನ ಸೆಟ್ಟೊಂದು ಸುದ್ದಗುಂಟೆಪಾಳ್ಯದ ನಮ್ಮ ಮನೆಗೂ ಬಂದಿತು. ಬಂದೊಡನೆ ಪ್ಲಗ್ಗು ಚುಚ್ಚಿ ನೋಡುವ ಆತುರವನ್ನು ನಿಗ್ರಹಿಸುವುದೇ ಹಳೆಯ ರೇಡಿಯೋ ದುರಸ್ತಿಯ ಪ್ರಥಮ ಪಾಠ. ಏಕೆಂದು ತಿಳಿಯಲು ಒಳಗಿನ ವಾಲ್ವುಗಳ ಕೆಲಸವನ್ನರಿಯಬೇಕು. ಐದು ವಾಲ್ವುಗಳಲ್ಲಿ ಮೊದಲನೆಯದು, ಏರಿಯಲ್ಲಿಗೆ ಸಿಕ್ಕ ಅಲೆಯು ಯಾವ ಕೇಂದ್ರದ್ದೇ ಆಗಿರಲಿ, ಅದನ್ನು ಸುಮಾರು 455 ಕಿಲೋಹರ್ಟ್ಸ್‌ನ ಒಂದೇ ಆವರ್ತನಕ್ಕೆ ಇಳಿಸುತ್ತದೆ. ಎರಡನೆಯದು ಅದನ್ನು ವರ್ಧಿಸುತ್ತದೆ. ಮೂರನೆಯದು ಅದರಿಂದ ಧ್ವನಿಯನ್ನು ಬೇರ್ಪಡಿಸುತ್ತದೆ. ನಾಲ್ಕನೆಯದು ಸ್ಪೀಕರನ್ನು ನುಡಿಸುತ್ತದೆ. ಐದನೆಯದು ಇವಕ್ಕೆಲ್ಲ ಬೇಕಾದ ಏಕಮುಖ ವಿದ್ಯುತ್ತನ್ನು ಒದಗಿಸುತ್ತದೆ. ವಾಲ್ವುಗಳು ಬಹುಕಾಲ ಬಾಳಬಲ್ಲುವು, ಕೆಡುವುವು ಕಂಡೆನ್ಸರುಗಳು. ಮೂರನೆಯ ಮತ್ತು ನಾಲ್ಕನೆಯ ವಾಲ್ವುಗಳ ನಡುವಿನ ಮೇಣಗಾಗದದ ಕಂಡೆನ್ಸರೊಂದು ಸೋರಿದರೂ ಸಾಕು, ನಾಲ್ಕನೆಯದು ಮಿತಿಮೀರಿ ವಿದ್ಯುತ್ತನ್ನೆಳೆದು ತಾನೂ ಕೆಟ್ಟು, ಸ್ಪೀಕರಿನ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಆದುದರಿಂದ ಹಳೆಯ ಕಂಡೆನ್ಸರಿನ ಒಡಲನ್ನು ಬರಿದುಮಾಡಿ, ಎಸ್. ಪಿ. ರಸ್ತೆಯಿಂದ ತಂದ ಹೊಸದನ್ನು ಅದರೊಳಗಿಟ್ಟು, ಬಾಯನ್ನು ಮೇಣದಿಂದ ಮುಚ್ಚುವ ರೂಢಿಯುಂಟು. ಷಾಸಿಯ ಮೂಲರೂಪವೂ ಉಳಿಯುತ್ತದೆ, ಕೆಲಸವೂ ಸಾಗುತ್ತದೆ. ಬಳಿಕ 60 ವಾಟ್‌ನ ತಂತಿಯ ಬಲ್ಬೊಂದನ್ನು ಸೀರೀಸಿನಲ್ಲಿ ಕೂಡಿಸಿ ವಿದ್ಯುತ್ತನ್ನು ಕೊಡಬೇಕು: ಬಲ್ಬು ಮಂದವಾದರೆ ಕ್ಷೇಮ, ಪ್ರಖರವಾಗಿಯೇ ಉಳಿದರೆ ಒಳಗೆಲ್ಲೋ ಷಾರ್ಟ್. ಸ್ವಿಚ್ಚು ಆರಿಸಿದ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ ಪ್ರಾಣಾಪಾಯಕರವಾದ ವಿದ್ಯುತ್ತು ನಿಂತಿರಬಹುದಾದುದರಿಂದ, ಅದನ್ನು ರೆಸಿಸ್ಟರಿನ ಮೂಲಕ ಬರಿದುಮಾಡದೆ ಕೈಯಿಡಲಾಗದು.

ಮರದ ಕೆಲಸಕ್ಕೆ ಬೇರೆಯದೇ ಸಹನೆ ಬೇಕು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆ ಸುತ್ತಿದ ಹತ್ತಿಯುಂಡೆಯಿಂದ ತೆಳುವಾಗಿ ಸವರಿ, ಒಣಗಿದ ಮೇಲೆ ಮತ್ತೆ ಸವರುತ್ತ ಹೋದಂತೆ ತೇಗದ ವೆನೀರಿನ ಗೆರೆಗಳು ಮೇಲೇಳುತ್ತವೆ. ಮರಳುಕಾಗದವನ್ನು ಬಲವಾಗಿ ಉಜ್ಜಿದರೆ ಆ ವೆನೀರೇ ಹರಿದುಹೋಗುತ್ತದೆ.

ಇಷ್ಟಾದರೂ 612 ಕಿಲೋಹರ್ಟ್ಸ್‌ನ ಬೆಂಗಳೂರು ಕೇಂದ್ರವು ತಾವರೆಕೆರೆಗೂ ಬಿಟಿಎಂ ಬಡಾವಣೆಗೂ ಅಂಟಿಕೊಂಡಿರುವ ನಮ್ಮ ಕಿಕ್ಕಿರಿದ ಓಣಿಗಳಲ್ಲಿ ಸುಲಭವಾಗಿ ಕೈಗೆ ಸಿಗುವುದಿಲ್ಲ. ಪಿಜಿಗಳ ನೂರಾರು ಚಾರ್ಜರುಗಳು, ಎಲ್‌ಇಡಿ ದೀಪಗಳು ಮಧ್ಯಮ ತರಂಗದ ತುಂಬ ಗರಗರ ಸದ್ದನ್ನೆಬ್ಬಿಸುತ್ತವೆ. ತಾರಸಿಯ ಮೇಲೆ ಉದ್ದನೆಯ ತಂತಿ ಕಟ್ಟಿ, ನಮ್ಮ ಮನೆಯ ದೀಪಗಳನ್ನಾದರೂ ಆರಿಸಿದರೆ ವಾರ್ತೆ ಕೇಳಿಸೀತು. ಪೆಟ್ಟಿಗೆಯೊಳಗೆ ಬ್ಲೂಟೂತ್ ಸ್ಪೀಕರನ್ನಿಟ್ಟು ಹಾಡಿಸುವವರಿಗೆ ಈ ಯಾವ ತೊಡಕೂ ಇಲ್ಲ, ನಿಜ. ಆದರೆ ಅದು ಮರದ ಸದುಪಯೋಗವೇ ಹೊರತು ರೇಡಿಯೋವಿನ ಪುನರುದ್ಧಾರವಲ್ಲ.